ರಾಶಿ ತೂರೋ ಫ್ಯಾನು, 0.41 ಮತ್ತೆ ನನ್ನ ಟ್ರೈನಿ ವರ್ಷ

ಮೊದ್ಲೇ ಹೇಳಿಬಿಡ್ತೀನಿ, ನಾನು ಏರೋಸ್ಪೇಸ್ ಓದಿದವನಲ್ಲ. ಊರು ಚಳ್ಳಕೆರೆ ಕಡೆ, ದಾವಣಗೆರೆಯಲ್ಲಿ ಮೆಕ್ಯಾನಿಕಲ್, ಅದೂ ಎರಡು ಬ್ಯಾಕ್ ಇಟ್ಕೊಂಡು ಹೆಂಗೋ ಕ್ಲಿಯರ್ ಮಾಡಿದ್ದು. ಈಗ ಬೆಂಗಳೂರಲ್ಲಿ, ಕಕ್ಷೆಯಿಂದ ವಾಪಸ್ ಬರೋ ಕ್ಯಾಪ್ಸೂಲ್ ಮೇಲೆ ಕೆಲಸ ಮಾಡೋ ಒಂದು ಸಣ್ಣ ಕಂಪನಿಯ ಏರೋಡೈನಾಮಿಕ್ಸ್ ಟೀಮಲ್ಲಿದ್ದೀನಿ, ಸೇರಿದ್ದು ಒಂದು ವರ್ಷದ ಗ್ರಾಜುಯೇಟ್ ಟ್ರೈನಿ ಆಗಿ. ಊರ ಕಡೆ ಬಂದಾಗೆಲ್ಲ ಜೂನಿಯರ್‌ಗಳು ಯಾವ ಸಾಫ್ಟ್‌ವೇರ್ ಕಲೀಬೇಕಣ್ಣ ಅಂತ ಕೇಳ್ತಾರೆ. ಗಾಳಿಯ ಹರಿವನ್ನ ಕಂಪ್ಯೂಟರಲ್ಲಿ ಲೆಕ್ಕ ಹಾಕೋ ಎಸ್‌ಯು2, ಓಪನ್‌ಫೋಮ್ ಎರಡೂ ಫ್ರೀ ಸಿಗ್ತವೆ, ಇಳಿಸ್ಕೊಂಡು ಕಲೀರಿ, ಅದು ದೊಡ್ಡ ಮಾತಲ್ಲ. ನನಗೆ ಆ ಸೀಟು ಕೊಡಿಸಿದ್ದು ನಮ್ಮ ಮಾವನ ರಾಶಿ ತೂರೋ ಫ್ಯಾನು ಮತ್ತೆ ಒಂದು ತಪ್ಪು ಲೆಕ್ಕ.

ಫೈನಲ್ ಇಯರ್ ಪ್ರಾಜೆಕ್ಟಿಗೆ ನಾವು ನಾಲ್ಕು ಜನ ವಿಂಡ್ ಟನಲ್, ಅಂದ್ರೆ ವಸ್ತುವಿನ ಮೇಲೆ ಗಾಳಿ ಹಾಯಿಸಿ ಅಳೆಯೋ ಸುರಂಗ, ಕಟ್ಟೋಣ ಅಂತ ಹೊರಟ್ವಿ. ದುಡ್ಡಿರಲಿಲ್ಲ. ಕಣದಲ್ಲಿ ಗಾಳಿ ಬರದ ದಿನ ನವಣೆ ತೂರೋಕೆ ಮಾವ ಇಟ್ಕೊಂಡಿದ್ದ ದೊಡ್ಡ ಫ್ಯಾನನ್ನ ಸುಗ್ಗಿಗೆ ಮುಂಚೆ ವಾಪಸ್ ಕೊಡ್ತೀನಿ ಅಂತ ಆಣೆ ಮಾಡಿ ಎತ್ಕೊಂಡು ಬಂದೆ. ಪ್ಲೈವುಡ್ಡು, ಫೆವಿಕಾಲು ಮಂಡಿಪೇಟೆಯಿಂದ. ಟೆಸ್ಟ್ ಸೆಕ್ಷನ್ 30 ಸೆಂ.ಮೀ. ಚೌಕ. ಮೊದಲ ಸಲ ಫ್ಯಾನನ್ನ ಮುಂದೆ ಇಟ್ಟು ಊದಿಸಿದ್ವಿ, ಒಳಗೆ ಅಂಟಿಸಿದ್ದ ಉಲನ್ ದಾರದ ತುಂಡುಗಳು ಒಂದೇ ದಿಕ್ಕಿಗೆ ನಿಲ್ಲೋದು ಬಿಟ್ಟು ಗಿರಗಿರ ಸುತ್ತೋಕೆ ಶುರು ಮಾಡಿದ್ವು, ಯಾಕಂದ್ರೆ ರೆಕ್ಕೆ ಗಾಳೀನ ತಿರುಚಿ ಕಳಿಸುತ್ತೆ. ಆಮೇಲೆ ಫ್ಯಾನನ್ನ ಹಿಂದಕ್ಕೆ ಹಾಕಿ ಎಳೆಯೋ ಥರ ಮಾಡಿ, ಬಾಯಿಗೆ ಅಗಲದಿಂದ ಕಿರಿದಾಗೋ ಗಂಟಲು ಕಟ್ಟಿ, ಅದರ ಮುಂದೆ ಜೇನುಗೂಡಿನ ಹಂಗೆ ಸ್ಟ್ರಾ ಜೋಡಿಸಿದ್ವಿ. ಪ್ಲಾಸ್ಟಿಕ್ ಸ್ಟ್ರಾ 2022ರಲ್ಲೇ ಬ್ಯಾನ್ ಆಗಿತ್ತಲ್ಲ, ಪೇಪರ್ ಸ್ಟ್ರಾನೇ ಸಾವಿರಗಟ್ಟಲೆ ಅಂಟಿಸಿದ್ವಿ, ಆ ಎರಡು ವಾರ ರಾತ್ರಿ ಊಟ ಅಂದ್ರೆ ಮಂಡಕ್ಕಿ ಮಿರ್ಚಿ ಅಷ್ಟೇ, ಬೆರಳೆಲ್ಲ ಫೆವಿಕಾಲ್ ಆಗಿರೋದ್ರಿಂದ ಅದನ್ನೂ ಒಬ್ಬರಿಗೊಬ್ಬರು ತಿನ್ನಿಸಬೇಕಿತ್ತು.

ದಾರ ನೆಟ್ಟಗೆ ನಿಂತ ದಿನ ಖುಷಿಯೋ ಖುಷಿ. ಮೊದಲ ಟೆಸ್ಟಿಗೆ 7 ಸೆಂ.ಮೀ. ಅಡ್ಡಳತೆಯ ಪ್ಲಾಸ್ಟಿಕ್ ಚೆಂಡು, ಯಾಕಂದ್ರೆ ಗೋಳದ ಡ್ರ್ಯಾಗ್ ಕೋಎಫಿಷಿಯೆಂಟ್ (ಆ ಆಕಾರವನ್ನ ಗಾಳಿ ಎಷ್ಟು ಎಳೆಯುತ್ತೆ ಅಂತ ಹೇಳೋ ಅಂಕಿ) ಇಂಥ ವೇಗಕ್ಕೆ ಸುಮಾರು 0.47 ಅಂತ ಎಲ್ಲ ಪುಸ್ತಕದಲ್ಲೂ ಇದೆ, ಅದು ಬಂದ್ರೆ ನಮ್ಮ ಟನಲ್ ಸರಿ ಇದೆ ಅಂತ ಅರ್ಥ. ಎಳೆತ ಅಳೆಯೋಕೆ ಪರಿಚಯದ ಅಕ್ಕಸಾಲಿಗರ ಹತ್ರ ಚಿನ್ನ ತೂಗೋ ಹಳೇ ತಕ್ಕಡಿ ಇಸ್ಕೊಂಡು ಬಂದ್ವಿ, ಗಾಳಿಯ ವೇಗ ಅಳೆಯೋಕೆ ಆನ್‌ಲೈನಲ್ಲಿ ತರಿಸಿದ ಅನಿಮೋಮೀಟರು. ಸೆಕೆಂಡಿಗೆ 12 ಮೀಟರ್ ವೇಗದಲ್ಲಿ, ಚೆಂಡು ಹಿಡ್ಕೊಂಡಿರೋ ಕಡ್ಡಿಯ ಎಳೆತ ಕಳೆದ ಮೇಲೆ, 14 ಗ್ರಾಂ ಚಿಲ್ರೆ. ಲೆಕ್ಕ ಹಾಕಿದ್ರೆ 0.41. ಮತ್ತೆ ಮಾಡಿದ್ವಿ, 0.41. ಸ್ಟ್ರಾ ಬಿಚ್ಚಿ ಮತ್ತೆ ಅಂಟಿಸಿದ್ವಿ, ತಕ್ಕಡಿ ಒರೆಸಿದ್ವಿ, ಊಹೂಂ. "0.46 ಅಂತ ಬರ್ದುಬಿಡಲೇ, ಯಾರ್ ನೋಡ್ತಾರೆ" ಅಂದ ಜೊತೆಗಿದ್ದವನು. ನನಗೆ ಹಠ, ರಿಪೋರ್ಟಲ್ಲಿ 0.41 ಅಂತಾನೇ ಹಾಕಿದೆ, ಕಾರಣ ಅನ್ನೋ ಜಾಗದಲ್ಲಿ "ಪ್ರಾಯೋಗಿಕ ದೋಷ" ಅಂತ ಬರೆದು ಕೈ ತೊಳ್ಕೊಂಡೆ. ಮಾರ್ಕ್ಸ್ ಕಮ್ಮಿನೇ ಬಂತು.

ಅದೇ ಹೊತ್ತಿಗೆ, 2023ರ ಏಪ್ರಿಲ್ 2, ಭಾನುವಾರ ಬೆಳಗ್ಗೆ ನಮ್ಮ ಚಳ್ಳಕೆರೆ ಹತ್ರದ ಏರೋನಾಟಿಕಲ್ ಟೆಸ್ಟ್ ರೇಂಜಲ್ಲಿ ಇಸ್ರೋದವರು ರೆಕ್ಕೆ ಇರೋ ಆರ್‌ಎಲ್‌ವಿನ (ಮತ್ತೆ ಮತ್ತೆ ಬಳಸೋ ಉಡಾವಣಾ ವಾಹನದ ಮಾದರಿ) ಚಿನೂಕ್ ಹೆಲಿಕಾಪ್ಟರಿಂದ 4.5 ಕಿ.ಮೀ. ಎತ್ತರದಲ್ಲಿ ಬಿಟ್ಟು ಅದರ ಪಾಡಿಗೆ ಅದನ್ನೇ ರನ್‌ವೇ ಮೇಲೆ ಇಳಿಸಿದ್ರು. ನಾನು ಹಾಸ್ಟೆಲಲ್ಲಿ ಮಲಗಿದ್ದೆ, ಸುದ್ದಿ ಗೊತ್ತಾಗಿದ್ದು ಮಧ್ಯಾಹ್ನ. ಅದರ ರೆಕ್ಕೆ ಗಿಡ್ಡ, ಎಳೆತಕ್ಕೆ ಹೋಲಿಸಿದ್ರೆ ಎತ್ತುವಿಕೆ ಕಮ್ಮಿ, ಹಂಗಾಗಿ ಗಂಟೆಗೆ 300 ಕಿ.ಮೀ. ಮೇಲಿನ ವೇಗದಲ್ಲಿ ನೆಲ ಮುಟ್ಟುತ್ತೆ, ಮಾಮೂಲಿ ಪ್ರಯಾಣಿಕರ ವಿಮಾನಕ್ಕಿಂತ ಜೋರು. ಅವತ್ತೇ ಕೂತು ಅಪ್ಲಿಕೇಶನ್ ಹಾಕೋ ಕಂಪನಿಗಳ ಪಟ್ಟಿ ಮಾಡಿದ್ದು.

ಹದಿನಾಲ್ಕು ಕಡೆ ಹಾಕಿದ್ದೆ, ಕರೆದಿದ್ದು ಎರಡೇ ಕಡೆ, ಒಂದು ಕಡೆ ಏರೋಸ್ಪೇಸ್ ಡಿಗ್ರಿ ಇಲ್ಲ ಅಂತ ಐದೇ ನಿಮಿಷಕ್ಕೆ ಕಳಿಸಿದ್ರು. ಇನ್ನೊಂದು ಕಡೆ ಒಬ್ಬ ಮೇಡಂ ರಿಪೋರ್ಟ್ ತಿರುವಿ ಹಾಕ್ತಾ 0.41ರ ಪುಟದಲ್ಲಿ ನಿಂತ್ರು. "ಗಾಳಿ ಸಾಂದ್ರತೆ ಎಷ್ಟು ತಗೊಂಡಿದ್ದೀರಿ?" ಘನ ಮೀಟರಿಗೆ 1.225 ಕೆ.ಜಿ. ಮೇಡಂ. "ಎಲ್ಲೀದು ಅದು?" ಪುಸ್ತಕದ್ದು ಮೇಡಂ. "ಪುಸ್ತಕದ್ದು ಸಮುದ್ರಮಟ್ಟದ್ದು, 15 ಡಿಗ್ರೀದು. ದಾವಣಗೆರೆ ಎಷ್ಟು ಎತ್ತರದಲ್ಲಿದೆ?" ಬಾಯಿ ಒಣಗೋಯ್ತು. ಸುಮಾರು 600 ಮೀಟರು. ಪೇಪರ್ ಕೊಟ್ಟು ನೀವೇ ಹಾಕಿ ಅಂದ್ರು. ಆ ಎತ್ತರದಲ್ಲಿ ಒತ್ತಡ ಸುಮಾರು 94,300 ಪ್ಯಾಸ್ಕಲ್, ಟೆಸ್ಟ್ ಮಾಡಿದ ಬೆಳಗ್ಗೆ 30 ಡಿಗ್ರಿ ಇತ್ತು, ಒತ್ತಡವನ್ನ ಗಾಳಿಯ ಅನಿಲ ಸ್ಥಿರಾಂಕ ಮತ್ತೆ ಕೆಲ್ವಿನ್‌ಗೆ ಬದಲಿಸಿದ ಉಷ್ಣತೆ ಎರಡರಿಂದಲೂ ಭಾಗಿಸಿದ್ರೆ ಸಾಂದ್ರತೆ 1.08. ಅದನ್ನ ಹಾಕಿ ಲೆಕ್ಕ ಮತ್ತೆ ಮಾಡಿದ್ರೆ 0.46 ದಾಟ್ತು! ಟನಲ್ ಮೊದಲ ದಿನದಿಂದ ಸರಿಯಾಗೇ ಹೇಳ್ತಿತ್ತು, ನಾನು ದಾವಣಗೆರೆಯಲ್ಲಿ ಕೂತು ಮಂಗಳೂರಿನ ಗಾಳಿಗೆ ಲೆಕ್ಕ ಹಾಕ್ತಿದ್ದೆ. ಗಾಳಿಗೆ ಎದುರಾಗಿ ಬಾಯಿ ತೆರೆದಿರೋ ಪಿಟೋ ಟ್ಯೂಬ್ ಇಟ್ಟು ಬಣ್ಣದ ನೀರಿನ ಏರಿಕೆ ನೋಡಿದ್ರೆ ಡೈನಾಮಿಕ್ ಪ್ರೆಶರೇ, ಅಂದ್ರೆ ವೇಗದಿಂದ ಬರೋ ಒತ್ತಡವೇ, ನೇರ ಸಿಗ್ತಿತ್ತಲ್ಲ, ಸಾಂದ್ರತೆ ಬೇಕಾಗೇ ಇರಲಿಲ್ಲ ಅಂತಾನೂ ಅವರೇ ಹೇಳಿದ್ರು. ನಮ್ಮ ವೇಗಕ್ಕೆ ನೀರು ಬರೀ 8 ಮಿ.ಮೀ. ಏರುತ್ತೆ, ಟ್ಯೂಬನ್ನ ಓರೆಯಾಗಿ ಇಟ್ರೆ ಆರಾಮಾಗಿ ಓದಬಹುದು. ವಾರ ಬಿಟ್ಟು ಆಫರ್ ಬಂತು. ನೀವು 0.46 ಅಂತ ಬರೆದಿದ್ರೆ ನಾನು ಆ ಪುಟ ದಾಟಿ ಹೋಗ್ತಿದ್ದೆ ಅಂತ ಅವರು ಎಷ್ಟೋ ತಿಂಗಳಾದ ಮೇಲೆ ಕ್ಯಾಂಟೀನಲ್ಲಿ ಅಂದ್ರು.

ಟ್ರೈನಿ ವರ್ಷದ ಮೊದಲ ಮೂರು ತಿಂಗಳು ಬರೀ ಮೆಶ್ ಹಾಕೋದು, ಅಂದ್ರೆ ಕಂಪ್ಯೂಟರ್ ಲೆಕ್ಕಕ್ಕೆ ಸುತ್ತಲ ಜಾಗವನ್ನ ಸಣ್ಣ ಸಣ್ಣ ತುಂಡು ಮಾಡೋದು, ಬೇಜಾರಿನ ಕೆಲಸ, ಅದರ ಬಗ್ಗೆ ಹೇಳೋಕೆ ಏನೂ ಇಲ್ಲ. ಅಲ್ಲಿ ಮೊದಲು ಕಲಿಸಿದ್ದು ಬ್ಯಾಲಿಸ್ಟಿಕ್ ಕೋಎಫಿಷಿಯೆಂಟು: ತೂಕವನ್ನ ಡ್ರ್ಯಾಗ್ ಕೋಎಫಿಷಿಯೆಂಟ್ ಮತ್ತೆ ಅಡ್ಡ ವಿಸ್ತೀರ್ಣದಿಂದ ಭಾಗಿಸೋದು. ಉಳಿದವರು ಸೂತ್ರ ಬರ್ಕೊತಿದ್ರೆ ನನಗೆ ಕಣ ಕಣ್ಮುಂದೆ ಬಂತು, ಮೊರದಿಂದ ಬಿಟ್ಟ ಕಾಳು ಕಾಲ ಹತ್ರಾನೇ ಬೀಳುತ್ತೆ, ಜೊಳ್ಳು ಗಾಳಿಗೆ ಸಿಕ್ಕಿ ದೂರ ಹೋಗುತ್ತೆ, ಇದೇ ಅಲ್ವಾ. ಕ್ಯಾಪ್ಸೂಲ್ ಜೊಳ್ಳಿನ ಥರ ಇರಬೇಕು, ತೆಳು ಗಾಳೀಲೇ, ಮೇಲೇ ವೇಗ ಕಳ್ಕೊಂಡ್ರೆ ಬಿಸಿ ಕಮ್ಮಿ. ಮೂಗು ಮೊಂಡಾಗಿರೋದೂ ಅದಕ್ಕೇ, ಶಾಕ್ ವೇವ್ (ಮುಂದೆ ಒತ್ತಿಕೊಂಡ ಗಾಳಿಯ ಅಲೆ) ಮುಂದೆ ದೂರ ನಿಂತು ಬಿಸಿಯ ಬಹುಪಾಲು ಗಾಳಿಗೇ ಹೋಗುತ್ತೆ, ಮೂಗಿನ ತ್ರಿಜ್ಯ ನಾಲ್ಕು ಪಟ್ಟು ಮಾಡಿದ್ರೆ ತುದಿಗೆ ತಟ್ಟೋ ಶಾಖ ಹೆಚ್ಚುಕಮ್ಮಿ ಅರ್ಧ. ಇದನ್ನ ಮಾವನಿಗೆ ಫೋನಲ್ಲಿ ವಿವರಿಸಿದ್ರೆ "ಜೊಳ್ಳು ಮಾಡೋಕೆ ಬೆಂಗಳೂರಿಗೆ ಹೋಗಬೇಕಿತ್ತೇನಲೇ" ಅಂದ.

ಬುದ್ಧಿ ಬಂದಿತ್ತು ಅಂದ್ಕೊಂಡ್ರೆ ಇಲ್ಲ. ಐದನೇ ತಿಂಗಳಲ್ಲಿ ಮ್ಯಾಕ್ 20ಕ್ಕೆ, ಅಂದ್ರೆ ಶಬ್ದದ ಇಪ್ಪತ್ತು ಪಟ್ಟು ವೇಗಕ್ಕೆ, ಕಂಪ್ಯೂಟರಲ್ಲಿ ಒಂದು ರನ್ ಮಾಡಿ ಮೂಗಿನ ಮುಂದಿನ ಉಷ್ಣತೆ 17,000 ಕೆಲ್ವಿನ್ ದಾಟಿದೆ ಅಂತ ಸ್ಲೈಡ್ ಹಾಕ್ದೆ. ಸೂರ್ಯನ ಮೇಲ್ಮೈ 5,800 ಆಸುಪಾಸು. ಮೇಡಂ ನಗ್ಲಿಲ್ಲ, "ಇದು ಯಾವೂರಿನ ಗಾಳಿ?" ಅಂದ್ರು ಅಷ್ಟೇ. ಗಾಮಾ (ಗಾಳಿಯ ಎರಡು ವಿಶಿಷ್ಟ ಶಾಖಗಳ ಅನುಪಾತ) 1.4 ಅಂತ ಕೊಟ್ಟಿದ್ದೆ, ಮತ್ತೆ ಪುಸ್ತಕದ ಅಂಕಿ. ಆ ಬಿಸೀಲಿ ಮೊದಲು ಆಕ್ಸಿಜನ್, ಆಮೇಲೆ ನೈಟ್ರೋಜನ್ ಅಣುಗಳು ಒಡೆದು ಹೋಗ್ತವೆ, ಶಕ್ತಿ ಆ ಒಡೆಯೋದಕ್ಕೆ ಖರ್ಚಾಗಿ ಉಷ್ಣತೆ ಅಷ್ಟಕ್ಕೇರಲ್ಲ, ಶಾಕ್ ಕೂಡ ಮೂಗಿಗೆ ಹತ್ರ ಬರುತ್ತೆ, ಒತ್ತಡ ಹಂಚಿಕೆ ಬದಲಾಗಿ ಕ್ಯಾಪ್ಸೂಲ್ ಎಷ್ಟು ವಾಲಿಕೊಂಡು ಹಾರುತ್ತೆ ಅನ್ನೋದೂ ಬದಲಾಗುತ್ತೆ. ನಾಸಾದವರಿಗೂ ಇದು ಬಿಟ್ಟಿಲ್ಲ, 1981ರಲ್ಲಿ ಕೊಲಂಬಿಯಾ ಷಟಲ್ ಮೊದಲ ಸಲ ವಾಪಸ್ ಬರುವಾಗ ಹಿಂಬದಿಯ ಬಾಡಿ ಫ್ಲಾಪನ್ನ (ವಾಲಿಕೆ ಸರಿ ಮಾಡೋ ಬಗ್ಗುವ ಹಲಗೆ) ಲೆಕ್ಕಕ್ಕಿಂತ ಸುಮಾರು ಎರಡು ಪಟ್ಟು ಬಗ್ಗಿಸಬೇಕಾಯ್ತು, ಬಿಸಿ ಗಾಳಿಯ ಈ ಗುಣ ಟನಲ್ ಟೆಸ್ಟಲ್ಲಿ ಪೂರ್ತಿ ಸಿಕ್ಕಿರಲಿಲ್ಲ.

ನಾಲ್ಕು ಜನ ಟ್ರೈನಿಗಳಲ್ಲಿ ಇಬ್ಬರನ್ನ ಉಳಿಸ್ಕೊಂಡ್ರು, ನಾನೊಬ್ಬ. ಹೋದ ಸಲ ದಾವಣಗೆರೆಗೆ ಬಂದಾಗ ಕಾಲೇಜಿಗೆ ಹೋಗಿದ್ದೆ, ಟನಲ್ ಲ್ಯಾಬಿನ ಮೂಲೇಲಿ ಧೂಳು ಹಿಡ್ಕೊಂಡಿದೆ. ಪ್ಲೈವುಡ್ ಮೇಲೆ ಮಾರ್ಕರ್‌ನಲ್ಲಿ 1.08 ಅಂತ ದೊಡ್ಡದಾಗಿ ಬರೆದು, 30 ಡಿಗ್ರಿಗೆ ಮಾತ್ರ ಅಂತ ಕೆಳಗೆ ಹಾಕಿ ಬಂದಿದ್ದೀನಿ, ಬೇರೆ ದಿನ ಮಾಡೋರು ಥರ್ಮಾಮೀಟರ್ ನೋಡಿ ನೀವೇ ಲೆಕ್ಕ ಹಾಕ್ಕೊಳ್ಳಿ. ಫ್ಯಾನ್ ಮಾತ್ರ ನೀವೇ ತರಬೇಕು, ಸುಗ್ಗಿ ಬಂತು ಅಂತ ಮಾವ ಬಂದು ಎತ್ಕೊಂಡು ಹೋದ.