‘ವಾತಾವರಣ’ ಎಂಬ ಪದವನ್ನು ಎಲ್ಲಿ, ಹೇಗೆ ಬಳಸಬೇಕು

ತೀರ್ಥಹಳ್ಳಿ ಸೀಮೆಯ ಶಾಲೆಯೊಂದರ ವಾರ್ಷಿಕ ಸಂಚಿಕೆಗೆ ಬಂದ ಬರಹಗಳನ್ನು ತಿದ್ದುತ್ತಿದ್ದಾಗ, ಪ್ರವಾಸ ಲೇಖನವೊಂದು ‘ಆಗುಂಬೆಯ ವಾತಾವರಣವು ಬಹಳ ಸುಂದರವಾದ ವಾತಾವರಣವಾಗಿದೆ’ ಎಂದು ಆರಂಭವಾಗಿತ್ತು. ಬರೆದ ಹುಡುಗಿ ಏನನ್ನೋ ಕಂಡು ಬೆರಗಾಗಿದ್ದಳೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅದು ಮಂಜೋ, ಮಳೆಯೋ, ಕಾಡಿನ ಮೌನವೋ, ಜೊತೆಗಾರರ ಉಲ್ಲಾಸವೋ ಎಂಬುದು ಓದುವವರಿಗೆ ತಿಳಿಯುವಂತಿರಲಿಲ್ಲ. ಈ ಪದವನ್ನು ಬರೆಯುವ ಮೊದಲು ಯಾವುದು ಯಾವುದನ್ನು ಆವರಿಸಿಕೊಂಡಿದೆ ಎಂದು ಕೇಳಿಕೊಳ್ಳಬೇಕು. ಉತ್ತರ ಸಿಗದಿದ್ದರೆ ಬೇರೆ ಪದವನ್ನು ಹುಡುಕಬೇಕು.

ಆ ಪ್ರಶ್ನೆ ಪದದೊಳಗೇ ಇದೆ. ವಾತ ಎಂದರೆ ಗಾಳಿ, ಆವರಣ ಎಂದರೆ ಸುತ್ತಲಿನ ಹೊದಿಕೆ; ಇವೆರಡೂ ಸವರ್ಣದೀರ್ಘ ಸಂಧಿಯಿಂದ ಕೂಡಿ ವಾತಾವರಣವಾಗುತ್ತದೆ. ಸಂಧಿ ನೆನಪಿದ್ದರೆ ‘ವಾತವರಣ’ ಎಂಬ ಕಾಗುಣಿತದ ತಪ್ಪೂ ಆಗುವುದಿಲ್ಲ. ಇಂಗ್ಲಿಷಿನ ಅಟ್ಮಾಸ್ಫಿಯರ್ ಕೂಡ ಆವಿ ಮತ್ತು ಗೋಳ ಎಂಬರ್ಥದ ಎರಡು ಗ್ರೀಕ್ ಮಾತುಗಳಿಂದ ಬಂದದ್ದು.

ಭೂಮಿಯನ್ನು ಸುತ್ತಿರುವ ಅನಿಲಗಳ ಹೊದಿಕೆ ಈ ಪದದ ಮೂಲಾರ್ಥ. ಅದರ ಒಣಗಾಳಿಯಲ್ಲಿ ಸುಮಾರು ಶೇ 78ರಷ್ಟು ಸಾರಜನಕ, ಶೇ 21ರಷ್ಟು ಆಮ್ಲಜನಕ ಇವೆ. ವಿಜ್ಞಾನದ ಬರಹದಲ್ಲಿ, ಅದರಲ್ಲೂ ಬೇರೆ ಗ್ರಹಗಳ ಬಗ್ಗೆ ಬರೆಯುವಾಗ, ನಾನು ‘ವಾಯುಮಂಡಲ’ವನ್ನೇ ಆರಿಸಿಕೊಳ್ಳುತ್ತೇನೆ, ಏಕೆಂದರೆ ಅದಕ್ಕೆ ಮನಸ್ಸಿಗೆ ಸಂಬಂಧಿಸಿದ ಎರಡನೆಯ ಅರ್ಥದ ಹಂಗಿಲ್ಲ. ಒತ್ತಡದ ಅಳತೆಯ ಮಾನವಾಗಿ ಬಂದಾಗ ಮಾತ್ರ ಅಟ್ಮಾಸ್ಫಿಯರ್ ಎಂದೇ ಉಳಿಸಬೇಕು: ಒಂದು ಅಟ್ಮಾಸ್ಫಿಯರ್ ಎಂದರೆ 760 ಮಿಲಿಮೀಟರ್ ಪಾದರಸದ ಒತ್ತಡ.

ಹೆಚ್ಚು ಗೊಂದಲವಾಗುವುದು ವಾತಾವರಣ, ಹವಾಮಾನ, ವಾಯುಗುಣಗಳ ನಡುವೆ. ಇಂದು ಬೆಳಿಗ್ಗೆ ಮೋಡ ಕವಿದಿದೆ, ಮಧ್ಯಾಹ್ನ ಹೊಳವಾದರೆ ತೋಟಕ್ಕೆ ಔಷಧಿ ಹೊಡೆಯಬಹುದು ಎಂದು ಅಡಿಕೆ ಬೆಳೆಗಾರರು ಲೆಕ್ಕ ಹಾಕುವುದು ಹವಾಮಾನವನ್ನು ನೋಡಿ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಕ್ಕಿ ಮಳೆಯಾಗುತ್ತದೆ ಎಂಬುದು ವಾಯುಗುಣದ ಮಾತು; ಅಂಥ ಸರಾಸರಿಯನ್ನು ಸಾಮಾನ್ಯವಾಗಿ 30 ವರ್ಷಗಳ ದಾಖಲೆಯಿಂದ ತೆಗೆಯುತ್ತಾರೆ. ಒಂದು ವರ್ಷ ಆರಿದ್ರಾ ಮಳೆ ಕೈಕೊಟ್ಟಿತೆಂದು ಮಲೆನಾಡಿನ ವಾಯುಗುಣವೇ ಬದಲಾಯಿತು ಎಂದು ಬರೆಯುವುದು ಆತುರವಾಗುತ್ತದೆ. ‘ಇಂದಿನ ವಾತಾವರಣ ವರದಿ’ ಎಂಬುದಂತೂ ಸಲ್ಲದು, ಅದು ಹವಾಮಾನ ವರದಿ. ‘ಮೋಡ ಮುಸುಕಿದ ವಾತಾವರಣ’ ಎಂದರೆ ಒಪ್ಪುತ್ತದೆ, ಏಕೆಂದರೆ ಅಲ್ಲಿ ಮೋಡ ನಿಜಕ್ಕೂ ಊರನ್ನು ಆವರಿಸಿರುತ್ತದೆ. ‘ತಂಪಾದ ವಾತಾವರಣವಿದೆ’ ಎನ್ನುವಲ್ಲಿ ಮಾತ್ರ ‘ತಂಪಾಗಿದೆ’ ಎಂದರೆ ಸಾಕು.

ಇನ್ನು ಮನಸ್ಸಿಗೆ ಸಂಬಂಧಿಸಿದ ಅರ್ಥ. ಮನೆಯ ವಾತಾವರಣ, ಓದಿನ ವಾತಾವರಣ, ಬಿಗುವಿನ ವಾತಾವರಣ ಎಂಬ ಮಾತುಗಳು ಕನ್ನಡದಲ್ಲಿ ಚೆನ್ನಾಗಿ ನೆಲೆಗೊಂಡಿವೆ. ಹಲವರು ಒಟ್ಟಿಗೆ ಉಸಿರಾಡುವ ಗಾಳಿಯಂತೆ ಒಂದು ಭಾವ ಎಲ್ಲರನ್ನೂ ಸುತ್ತಿಕೊಂಡಿದ್ದಾಗ ಇವು ಸರಿಹೊಂದುತ್ತವೆ. ಒಬ್ಬರ ದುಃಖಕ್ಕೆ ಈ ಪದ ಬೇಡ. ಕ್ರಿಯಾಪದವನ್ನೂ ಗಮನವಿಟ್ಟು ಆರಿಸಬೇಕು. ‘ಶಾಂತಿಯ ವಾತಾವರಣವನ್ನು ನಿರ್ಮಾಣ ಮಾಡಲಾಯಿತು’ ಎಂಬುದು ಕಟ್ಟಡದ ಕಾಮಗಾರಿಯಂತೆ ಕೇಳಿಸುತ್ತದೆ. ವಾತಾವರಣ ಮೂಡುತ್ತದೆ, ಕೆಡುತ್ತದೆ, ಕದಡುತ್ತದೆ, ತಿಳಿಯಾಗುತ್ತದೆ. ಜಗಳ ಮುಗಿದ ಮನೆಗೂ ಜಡಿಮಳೆ ನಿಂತ ಆಕಾಶಕ್ಕೂ ‘ತಿಳಿಯಾಯಿತು’ ಒಂದೇ ರೀತಿ ಒಪ್ಪುವುದು ನನಗೆ ತುಂಬಾ ಇಷ್ಟ. ಹಬ್ಬದ ವಿಷಯದಲ್ಲಿ ನಾನು ‘ಮನೆಗೆ ಹಬ್ಬದ ಕಳೆ ಬಂತು’ ಎಂದೇ ಬರೆಯುತ್ತೇನೆ. ‘ಕಳೆ’ಯಂಥ ಮಾತು ಇರುವಾಗ ಅಲ್ಲಿ ವಾತಾವರಣವನ್ನು ಎಳೆದು ತರಬೇಕಾಗಿಲ್ಲ.

ಕಥೆ, ನಾಟಕಗಳ ವಿಮರ್ಶೆಯಲ್ಲಿ ಈ ಪದ ಬೇಕೇ ಬೇಕು, ಆದರೆ ಕಥೆಯೊಳಗೆ ಅದನ್ನು ಹೆಸರಿಸಬಾರದು. ಹೆಗ್ಗೋಡಿನ ನೀನಾಸಮ್ ರಂಗಮಂದಿರದಲ್ಲಿ ದೀಪ ಮಬ್ಬಾದಾಗ ‘ಈಗ ಭಯದ ವಾತಾವರಣವಿದೆ’ ಎಂದು ಯಾರೂ ಘೋಷಿಸುವುದಿಲ್ಲ. ಬೆಳಕು, ಸದ್ದು, ನಟರ ಮೌನಗಳೇ ಅದನ್ನು ತರುತ್ತವೆ. ಬರಹದಲ್ಲಿ ಆ ಕೆಲಸವನ್ನು ವಿವರಗಳು ಮಾಡಬೇಕು. ‘ಮನೆಯಲ್ಲಿ ಭಯಾನಕ ವಾತಾವರಣವಿತ್ತು’ ಎನ್ನುವ ಬದಲು, ಕರೆಂಟು ಹೋಗಿ ಮೂರನೆಯ ರಾತ್ರಿಯಾಗಿತ್ತು, ಹಂಚಿನ ಸಂದಿಯಿಂದ ಹನಿ ತೊಟ್ಟಿಕ್ಕುತ್ತಿತ್ತು, ಕೊಟ್ಟಿಗೆಯ ದನ ಒಂದೇ ಸಮನೆ ಬಾಗಿಲ ಕಡೆ ನೋಡುತ್ತಿತ್ತು ಎಂದು ಬರೆದರೆ ಓದುವವರು ತಾವೇ ಆ ಗಾಳಿಯೊಳಗೆ ಬಂದು ನಿಲ್ಲುತ್ತಾರೆ.

ಆ ಹುಡುಗಿಯ ವಾಕ್ಯವನ್ನು ನಾನು ತಿದ್ದಲಿಲ್ಲ. ಅಂದು ಅಲ್ಲಿ ಏನು ಏನನ್ನು ಮುಚ್ಚಿತ್ತು ಎಂದಷ್ಟೇ ಕೇಳಿ ಹಾಳೆಯನ್ನು ಮರಳಿಸಿದೆ. ಎರಡು ದಿನ ಬಿಟ್ಟು ಅವಳು ಬರೆದು ತಂದ ಆರಂಭ ಹೀಗಿತ್ತು: ‘ಆಗುಂಬೆಯಲ್ಲಿ ಸೂರ್ಯಾಸ್ತ ನೋಡಲು ನಿಂತಿದ್ದಾಗ ಮಂಜು ಬಂದು ಕಣಿವೆಯನ್ನು ಮುಚ್ಚಿತು. ಪಕ್ಕದಲ್ಲಿದ್ದ ಗೆಳತಿಯ ದನಿ ಕೇಳುತ್ತಿತ್ತು, ಮುಖ ಕಾಣುತ್ತಿರಲಿಲ್ಲ.’