ಮಗುವಿನ ಆಧಾರ್ ಗ್ರೂಪಿಗೆ ಹಾಕುವ ಮೊದಲು

ಜೂನ್ ಮೊದಲ ವಾರ ಮಗಳ ಕ್ಲಾಸಿನ ವಾಟ್ಸ್‌ಆಪ್ ಗ್ರೂಪಿಗೆ ಒಂದು ಮೆಸೇಜ್ ಬಂತು. ‘ಸ್ಯಾಟ್ಸ್ ಎಂಟ್ರಿ ಬಾಕಿ ಇದೆ, ಮಕ್ಕಳ ಆಧಾರ್ ಇವತ್ತೇ ಕಳಿಸಿ.’ ಸ್ಯಾಟ್ಸ್ ಅಂದರೆ ಶಾಲೆಯವರು ಮಕ್ಕಳ ವಿವರ ತುಂಬುವ ಶಿಕ್ಷಣ ಇಲಾಖೆಯ ಆನ್‌ಲೈನ್ ವ್ಯವಸ್ಥೆ. ಹತ್ತು ನಿಮಿಷದೊಳಗೆ ಒಂದರ ಹಿಂದೆ ಒಂದು ಫೋಟೊ ಬೀಳತೊಡಗಿತು. ಕೆಲವನ್ನು ಹಾಸಿಗೆ ಮೇಲಿಟ್ಟು ತೆಗೆದಿದ್ದರು, ಕೆಲವುಗಳ ಲ್ಯಾಮಿನೇಷನ್ ಮೇಲೆ ಟ್ಯೂಬ್‌ಲೈಟ್ ಹೊಳೆಯುತ್ತಿತ್ತು. ಆದರೂ 12 ಅಂಕಿ, ಹುಟ್ಟಿದ ತಾರೀಖು, ಅಪ್ಪನ ಹೆಸರು, ಮನೆ ವಿಳಾಸ ಎಲ್ಲ ಸಲೀಸಾಗಿ ಓದಬಹುದಿತ್ತು. ಆ ಗ್ರೂಪಿನಲ್ಲಿ ಪೋಷಕರಷ್ಟೇ ಇಲ್ಲ. ವ್ಯಾನ್ ಡ್ರೈವರ್ ಇದ್ದಾರೆ, ಹೋದ ವರ್ಷವೇ ಟಿಸಿ ತೆಗೆದುಕೊಂಡು ಹೋದವರಿದ್ದಾರೆ, ಯಾರೆಂದೇ ಗೊತ್ತಿಲ್ಲದ ನಾಲ್ಕಾರು ನಂಬರ್‌ಗಳಿವೆ. ನಾನೂ ಯೋಚಿಸದೆ ಹಾಕಿಬಿಟ್ಟಿದ್ದೆ. ರಾತ್ರಿ ಮಲಗುವಾಗ ತಲೆಗೆ ಹೊಳೆದು, ಎದ್ದು ಕೂತು ಅಳಿಸಿದೆ. ನೀವೂ ಹಾಕಿದ್ದರೆ ಇವತ್ತೇ ‘ಎಲ್ಲರಿಗೂ ಅಳಿಸಿ’ ಒತ್ತಿ. ಎರಡೂವರೆ ದಿನ ದಾಟಿದರೆ ಆ ಅವಕಾಶವೂ ಹೋಗುತ್ತದೆ, ಅಷ್ಟರೊಳಗೆ ಯಾರಾದರೂ ಫಾರ್ವರ್ಡ್ ಮಾಡಿದ್ದರಂತೂ ಏನೂ ಮಾಡುವ ಹಾಗಿಲ್ಲ.

ಮಗುವಿನ ಕಾರ್ಡಿನಿಂದ ಯಾರಿಗೆ ಏನು ಲಾಭ ಅಂತ ಅನ್ನಿಸಬಹುದು. ದೊಡ್ಡವರ ಹೆಸರಲ್ಲಿ ಯಾರಾದರೂ ಸಾಲ ಎತ್ತಿದರೆ ಬ್ಯಾಂಕಿನಿಂದ ಮೆಸೇಜ್ ಬರುತ್ತದೆ, ವಸೂಲಿಯವರು ಫೋನ್ ಮಾಡುತ್ತಾರೆ, ಸಿಬಿಲ್ ಸ್ಕೋರ್ ಇಳಿಯುತ್ತದೆ. ಮಗುವಿನ ಹೆಸರಲ್ಲಿ ಏನಾದರೂ ನಡೆದರೆ ನೋಡುವವರೇ ಇಲ್ಲ. 18 ತುಂಬಿ ಎಜುಕೇಶನ್ ಲೋನಿಗೋ ಸಿಮ್ಮಿಗೋ ಅರ್ಜಿ ಹಾಕಿದ ದಿನ ಗೊತ್ತಾಗುತ್ತದೆ. ಅದಕ್ಕಿಂತ ಹತ್ತಿರದ ಅಪಾಯ ಇನ್ನೊಂದಿದೆ. ‘ನಿಮ್ಮ ಮಗಳಿಗೆ ಸ್ಕಾಲರ್‌ಶಿಪ್ ಬಂದಿದೆ, ಒಟಿಪಿ ಹೇಳಿ’ ಎಂದು ಫೋನ್ ಮಾಡುವವನು ಮಗುವಿನ ಹೆಸರು, ತರಗತಿ, ತಂದೆ ಹೆಸರು ಎಲ್ಲ ಸರಿಯಾಗಿ ಹೇಳಿದರೆ ಯಾವ ತಾಯಿಯೂ ನಂಬುತ್ತಾಳೆ, ಅಲ್ವಾ?

ಆದ್ದರಿಂದ ಮೊದಲ ಕೆಲಸ, ಕೊಡುವುದನ್ನೇ ಕಡಿಮೆ ಮಾಡುವುದು. ಶಾಲೆಗೆ ಪೂರ್ತಿ ನಂಬರ್ ಬೇಕೇ ಬೇಕು ಎಂದಾದರೆ ಕಾರ್ಡ್ ತೆಗೆದುಕೊಂಡು ಹೋಗಿ ತೋರಿಸಿ, ನಿಮ್ಮೆದುರೇ ಎಂಟ್ರಿ ಮಾಡಿಕೊಳ್ಳಲಿ. ‘ಮೇಡಂ, ಗ್ರೂಪಿನಲ್ಲಿ ಬೇಡ, ನಾಳೆ ನಾನೇ ಬಂದು ತೋರಿಸುತ್ತೇನೆ’ ಎಂದರೆ ಯಾವ ಟೀಚರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಅವರಿಗೂ ನೂರು ಕೆಲಸದ ಮಧ್ಯೆ ಇದೊಂದು. ಟ್ಯೂಷನ್, ಕ್ರಿಕೆಟ್ ಕೋಚಿಂಗ್, ಲಾಡ್ಜ್, ಇಂಥ ಕಡೆಗೆಲ್ಲ ಮಾಸ್ಕ್ಡ್ ಆಧಾರ್ ಸಾಕು. ಮೈಆಧಾರ್ ವೆಬ್‌ಸೈಟಿನಲ್ಲಿ ಮಗುವಿನ ನಂಬರ್ ಮತ್ತು ಒಟಿಪಿ ಹಾಕಿ ಲಾಗಿನ್ ಆಗಿ, ಡೌನ್‌ಲೋಡ್ ಮಾಡುವಾಗ ಮಾಸ್ಕ್ಡ್ ಎಂಬಲ್ಲಿ ಟಿಕ್ ಹಾಕಿ. ಕೊನೆಯ 4 ಅಂಕಿ ಮಾತ್ರ ಕಾಣುವ ಕಾರ್ಡ್ ಸಿಗುತ್ತದೆ. 2022ರ ಮೇ ತಿಂಗಳಲ್ಲಿ ಆಧಾರ್ ಕೊಡುವ ಸಂಸ್ಥೆಯಾದ ಯುಐಡಿಎಐನ ಬೆಂಗಳೂರು ಕಚೇರಿಯೇ ‘ಆಧಾರ್ ಜೆರಾಕ್ಸ್ ಸಿಕ್ಕಸಿಕ್ಕವರಿಗೆ ಕೊಡಬೇಡಿ, ಮಾಸ್ಕ್ಡ್ ಕೊಡಿ’ ಎಂದು ಪ್ರಕಟಣೆ ಹೊರಡಿಸಿತ್ತು. ಜನ ತಪ್ಪು ತಿಳಿಯುತ್ತಾರೆ ಎಂದು ಎರಡೇ ದಿನದಲ್ಲಿ ಕೇಂದ್ರ ಅದನ್ನು ವಾಪಸ್ ಪಡೆಯಿತು. ಮಾಸ್ಕ್ಡ್ ಸೌಲಭ್ಯ ಮಾತ್ರ ಹಾಗೇ ಇದೆ, ಬಳಸಿಕೊಳ್ಳಿ.

ಡೌನ್‌ಲೋಡ್ ಮಾಡಿದ ಪಿಡಿಎಫ್‌ಗೆ ಪಾಸ್‌ವರ್ಡ್ ಇದೆಯಲ್ಲ, ಬೇರೆಯವರಿಗೆ ಸಿಕ್ಕರೂ ಪರವಾಗಿಲ್ಲ ಅಂದುಕೊಳ್ಳಬೇಡಿ. ಆ ಪಾಸ್‌ವರ್ಡ್ ಏನು ಗೊತ್ತಾ? ಹೆಸರಿನ ಮೊದಲ 4 ಇಂಗ್ಲಿಷ್ ಅಕ್ಷರ, ಮುಂದೆ ಹುಟ್ಟಿದ ಇಸವಿ. ಕೇಕ್ ಮೇಲೆ ಮಗುವಿನ ಹೆಸರು, ಪಕ್ಕದಲ್ಲಿ ‘7’ ಅಂಕಿಯ ಮೇಣದಬತ್ತಿ ಇರುವ ಫೋಟೊವನ್ನು ಅವತ್ತೇ ಸ್ಟೇಟಸ್ಸಿಗೆ ಹಾಕಿದರೆ ಪಾಸ್‌ವರ್ಡ್ ಹೇಳಿದ ಹಾಗೇ ಆಯಿತು. ಬರ್ತ್‌ಡೇ ಫೋಟೊ ಹಾಕಬೇಡಿ ಅಂತ ನಾನು ಹೇಳುವುದಿಲ್ಲ, ಎಲ್ಲರಿಗೂ ಆಸೆ ಇರುತ್ತದೆ. ಎರಡು ದಿನ ಬಿಟ್ಟು ಹಾಕಿ, ಪೂರ್ತಿ ಹೆಸರು ಬೇಡ, ವಯಸ್ಸು ಬೇಡ. ಶಾಲೆ ಶುರುವಾದ ದಿನದ ಫೋಟೊದಲ್ಲಿ ಕೊರಳಲ್ಲಿರುವ ಐಡಿ ಕಾರ್ಡನ್ನು ತಿರುಗಿಸಿಡಿ.

ಜೆರಾಕ್ಸ್ ಅಂಗಡಿಯ ವಿಷಯ ಹೇಳಲೇಬೇಕು. ಪ್ರಿಂಟ್ ಬೇಕೆಂದರೆ ಅವರ ನಂಬರಿಗೆ ವಾಟ್ಸ್‌ಆಪ್ ಮಾಡುತ್ತೇವೆ, ಅವರು ಕಂಪ್ಯೂಟರಿನಲ್ಲಿ ತೆರೆದು ಪ್ರಿಂಟ್ ಕೊಡುತ್ತಾರೆ, ನಾವು ಹತ್ತು ರೂಪಾಯಿ ಕೊಟ್ಟು ಬರುತ್ತೇವೆ. ಫೈಲ್ ಅಲ್ಲೇ ಇರುತ್ತದೆ. ಒಮ್ಮೆ ನಿಂತು ಅವರ ಡೌನ್‌ಲೋಡ್ಸ್ ಫೋಲ್ಡರ್ ನೋಡಿ, ಊರಿನ ಅರ್ಧ ಜನರ ಮಾರ್ಕ್ಸ್ ಕಾರ್ಡು, ಜಾತಿ ಪ್ರಮಾಣಪತ್ರ, ಆಧಾರ್ ಅಲ್ಲೇ ಬಿದ್ದಿರುತ್ತವೆ. ಅಂಗಡಿಯವರು ಕೆಟ್ಟವರು ಅಂತಲ್ಲ, ಅಳಿಸಲು ಅವರಿಗೆ ಪುರುಸೊತ್ತಿಲ್ಲ. ‘ಅಣ್ಣಾ, ನನ್ನೆದುರೇ ಡಿಲೀಟ್ ಮಾಡಿ, ರೀಸೈಕಲ್ ಬಿನ್ನಿಂದಲೂ ತೆಗೀರಿ’ ಎಂದು ಕೇಳಿ. ಕೆಟ್ಟುಹೋದ ಪ್ರಿಂಟನ್ನು ಮನೆಗೆ ತಂದು ಹರಿಯಿರಿ.

ಮಗುವಿನ ಆಧಾರ್‌ಗೆ ಯಾವ ಮೊಬೈಲ್ ನಂಬರ್ ಸೇರಿಸಿದ್ದೀರಿ ಎಂದು ಇವತ್ತೇ ನೋಡಿ. ಮಗು ಹುಟ್ಟಿದಾಗ ಇದ್ದ ಸಿಮ್ ಈಗ ಇಲ್ಲದಿರಬಹುದು. ರೀಚಾರ್ಜ್ ಮಾಡದೆ ಬಿಟ್ಟು ಬಂದ್ ಆದ ನಂಬರ್ 90 ದಿನ ಕಳೆದ ಮೇಲೆ ಬೇರೆಯವರಿಗೆ ಸಿಗಬಹುದು. ಆಮೇಲೆ ನಿಮ್ಮ ಮಗುವಿನ ಒಟಿಪಿ ಹೋಗುವುದು ಅವರ ಫೋನಿಗೆ. ನಂಬರ್ ಬದಲಿಸಲು ಹತ್ತಿರದ ಆಧಾರ್ ಕೇಂದ್ರಕ್ಕೆ ಹೋದಾಗ ಬಯೋಮೆಟ್ರಿಕ್ ಕೆಲಸವನ್ನೂ ಕೇಳಿಕೊಳ್ಳಿ. 5 ವರ್ಷದೊಳಗಿನ ಮಗುವಿನ ನೀಲಿ ಬಾಲ ಆಧಾರ್‌ಗೆ ಫೋಟೊ ಮಾತ್ರ ಇರುತ್ತದೆ. 5 ತುಂಬಿದ ಮೇಲೆ ಒಮ್ಮೆ, 15 ತುಂಬಿದ ಮೇಲೆ ಇನ್ನೊಮ್ಮೆ ಬೆರಳಚ್ಚು, ಕಣ್ಣಿನ ಗುರುತು ಕೊಡಲೇಬೇಕು. 5ರಿಂದ 7 ಮತ್ತು 15ರಿಂದ 17ರ ಒಳಗೆ ಮಾಡಿಸಿದರೆ ದುಡ್ಡು ಕೊಡಬೇಕಿಲ್ಲ.

ಬೆರಳಚ್ಚು ಕೊಟ್ಟು ಬಂದ ಮೇಲೆ ಅದನ್ನು ಲಾಕ್ ಮಾಡಿ. 2023ರಲ್ಲಿ ಬೆಂಗಳೂರಿನಲ್ಲಿ ಮನೆ, ಸೈಟು ನೋಂದಣಿ ಮಾಡಿಸಿದ ಹಲವರ ಖಾತೆಯಿಂದ ಒಟಿಪಿ ಇಲ್ಲದೆಯೇ ದುಡ್ಡು ಹೋಯಿತು. ಕ್ರಯಪತ್ರದ ಮೇಲಿದ್ದ ಹೆಬ್ಬೆಟ್ಟಿನ ಗುರುತನ್ನು ನಕಲು ಮಾಡಿ, ಬೆರಳಿಟ್ಟು ಹಣ ತೆಗೆಯುವ ಎಇಪಿಎಸ್‌ನಲ್ಲಿ ಬಳಸಿದ್ದರು. ಸ್ಕಾಲರ್‌ಶಿಪ್ ಬೀಳುವ ಮಗುವಿನ ಖಾತೆಗೂ ಇದೇ ಅಪಾಯ. ಲಾಕ್ ಮಾಡುವ ಆಯ್ಕೆ ಮೈಆಧಾರ್‌ನಲ್ಲೇ ಇದೆ, ಬೇಕಾದಾಗ ಸ್ವಲ್ಪ ಹೊತ್ತು ತೆರೆದುಕೊಳ್ಳಬಹುದು. ಅಲ್ಲೇ ‘ಅಥೆಂಟಿಕೇಶನ್ ಹಿಸ್ಟರಿ’ ಎಂದಿದೆ. ಕಳೆದ 6 ತಿಂಗಳಲ್ಲಿ ಮಗುವಿನ ಆಧಾರ್ ಎಲ್ಲೆಲ್ಲಿ ಬಳಕೆಯಾಯಿತು ಎಂದು ತೋರಿಸುತ್ತದೆ. ಯುಗಾದಿಗೊಮ್ಮೆ, ದೀಪಾವಳಿಗೊಮ್ಮೆ ನೋಡುವ ಅಭ್ಯಾಸ ಇಟ್ಟುಕೊಳ್ಳಿ. ಗುರುತಿಲ್ಲದ ಹೆಸರು ಕಂಡರೆ ಆಧಾರ್ ಸಹಾಯವಾಣಿ 1947ಕ್ಕೆ ಫೋನ್ ಮಾಡಿ.

ಆಧಾರ್ ಇಲ್ಲದಿದ್ದರೆ ಅಡ್ಮಿಶನ್ ಇಲ್ಲ ಎಂದು ಯಾರಾದರೂ ಅಂದರೆ ಹೆದರಬೇಡಿ. 2018ರ ಸೆಪ್ಟೆಂಬರ್ 26ರಂದು ಸುಪ್ರೀಂ ಕೋರ್ಟ್ ಶಾಲೆ ಸೇರಲು ಆಧಾರ್ ಕಡ್ಡಾಯ ಅಲ್ಲ ಎಂದು ಹೇಳಿದೆ. ಆ ಕೇಸಿನ ಮೊದಲ ಅರ್ಜಿದಾರರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು, ಅದು ನನಗೆ ಹೆಮ್ಮೆಯ ವಿಷಯ. ಶಾಲಾ ಮಕ್ಕಳಿಗೆ ಕೊಡುವ ಅಪಾರ್ ಐಡಿ ಎಂಬ ಗುರುತಿನ ಸಂಖ್ಯೆಗೂ ಪೋಷಕರ ಒಪ್ಪಿಗೆ ಬೇಕು. ಆ ಫಾರಂ ಮನೆಗೆ ಬಂದಾಗ ಓದಿ ಸಹಿ ಮಾಡಿ, ಸುಮ್ನೆ ಹಾಕಿ ಕಳಿಸಬೇಡಿ.

ಪಿಯುಸಿ ಓದುವ ಮಕ್ಕಳಿದ್ದರೆ ಇನ್ನೊಂದು ಮಾತು. ಇಲ್ಲಿ ಕಳ್ಳ ಕದಿಯುವುದಿಲ್ಲ, ಮಕ್ಕಳ ಕೈಯಿಂದಲೇ ಇಸಿದುಕೊಳ್ಳುತ್ತಾನೆ. ‘ನಿನ್ನ ಅಕೌಂಟು, ಎಟಿಎಂ ಕಾರ್ಡು, ಸಿಮ್ ಒಂದು ತಿಂಗಳು ಕೊಡು, ಐದು ಸಾವಿರ ಕೊಡ್ತೀನಿ’ ಎನ್ನುತ್ತಾನೆ. ಸೈಬರ್ ವಂಚಕರು ದೋಚಿದ ಹಣ ಆ ಖಾತೆಯ ಮೂಲಕ ದಾಟಿಹೋಗುತ್ತದೆ. ಪೊಲೀಸರು ಮೊದಲು ಬರುವುದು ಖಾತೆ ಯಾರ ಹೆಸರಲ್ಲಿದೆಯೋ ಅವರ ಮನೆಗೆ. 10 ವರ್ಷ ದಾಟಿದ ಮಕ್ಕಳೂ ಉಳಿತಾಯ ಖಾತೆಯನ್ನು ತಾವೇ ನಡೆಸಲು ಆರ್‌ಬಿಐ ಅವಕಾಶ ಕೊಟ್ಟಿದೆ, ಹಾಗಾಗಿ ಈ ಮಾತನ್ನು ಬೇಗ ಆಡಿಬಿಡಿ. ಬೈಯುತ್ತಾ ಅಲ್ಲ, ಊಟಕ್ಕೆ ಕೂತಾಗ, ಹೀಗೆಲ್ಲ ನಡೆಯುತ್ತಿದೆ ಕಣೋ ಎಂದು. ತಪ್ಪು ಆಗಿಹೋಗಿದ್ದರೂ ನಿಮ್ಮ ಹತ್ತಿರವೇ ಮೊದಲು ಹೇಳುವಷ್ಟು ಧೈರ್ಯ ಅವರಿಗಿರಬೇಕು.

18 ತುಂಬಿದ ತಿಂಗಳೇ ಮಗುವಿನ ಜೊತೆ ಕೂತು, ಅವರ ಹೆಸರಲ್ಲಿ ಯಾವ ಸಾಲ ಇದೆ ಎಂದು ತೋರಿಸುವ ಕ್ರೆಡಿಟ್ ರಿಪೋರ್ಟ್ ತೆಗೆಸಿ. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್, ಈ ನಾಲ್ಕೂ ಕ್ರೆಡಿಟ್ ಕಂಪನಿಗಳು ವರ್ಷಕ್ಕೊಂದು ಪೂರ್ತಿ ರಿಪೋರ್ಟ್ ಉಚಿತವಾಗಿ ಕೊಡಬೇಕು. ಅವರದೇ ಸಿಮ್ ತೆಗೆದುಕೊಂಡ ಮೇಲೆ ಕೇಂದ್ರ ಸರ್ಕಾರದ ಸಂಚಾರ್ ಸಾಥಿ ವೆಬ್‌ಸೈಟಿನಲ್ಲಿ ಆ ನಂಬರ್ ಹಾಕಿ, ಅವರ ಹೆಸರಲ್ಲಿ ಇನ್ನೆಷ್ಟು ಸಿಮ್ ಇವೆ ನೋಡಿ. ಚಿಕ್ಕಂದಿನಲ್ಲಿ ಮಾಡಿಸಿದ ಪ್ಯಾನ್ ಕಾರ್ಡಿನಲ್ಲಿ ಫೋಟೊ, ಸಹಿ ಇರುವುದಿಲ್ಲ, ಅದನ್ನೂ ಆಗಲೇ ಹೊಸದು ಮಾಡಿಸಿ.

ಏನೋ ಆಗಿಹೋಗಿದೆ ಎಂದು ಗೊತ್ತಾದರೆ, ದುಡ್ಡು ಹೋಗಿದ್ದರೆ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಆಮೇಲೆ ಸೈಬರ್ ಅಪರಾಧ ನೋಡಿಕೊಳ್ಳುವ ಜಿಲ್ಲೆಯ ಸಿಇಎನ್ ಪೊಲೀಸ್ ಠಾಣೆಗೆ ಹೋಗಿ ಲಿಖಿತ ದೂರು ಕೊಡಿ. ಬೇರೆಯವರ ಗುರುತು ಕದ್ದು ಬಳಸಿದರೆ ಐಟಿ ಕಾಯ್ದೆಯ 66ಸಿ ಪ್ರಕಾರ 3 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ ಇದೆ. ದೂರಿನಲ್ಲಿ ಆ ಸೆಕ್ಷನ್ ನಂಬರ್ ಬರೆಯಿರಿ, ಸ್ವೀಕೃತಿ ಪಡೆಯದೆ ಎದ್ದು ಬರಬೇಡಿ. ಮಗುವಿನ ಹೆಸರಲ್ಲಿ ಸಾಲ ಕಂಡರೆ ಗಾಬರಿ ಬೇಡ. 18 ತುಂಬದವರ ಜೊತೆ ಮಾಡಿಕೊಂಡ ಸಾಲದ ಒಪ್ಪಂದ ಕಾನೂನಿನಲ್ಲಿ ನಿಲ್ಲುವುದೇ ಇಲ್ಲ. ಜನನ ಪ್ರಮಾಣಪತ್ರ ಮತ್ತು ದೂರಿನ ಪ್ರತಿ ಇಟ್ಟು ಸಾಲ ಕೊಟ್ಟವರಿಗೂ ಕ್ರೆಡಿಟ್ ಕಂಪನಿಗೂ ಬರೆಯಿರಿ. 30 ದಿನದಲ್ಲಿ ಅವರು ಸರಿಪಡಿಸಬೇಕು, ತಡವಾದರೆ ದಿನಕ್ಕೆ 100 ರೂಪಾಯಿಯಂತೆ ನಿಮಗೆ ಪರಿಹಾರ ಕೊಡಬೇಕು.