ಹಳೇ ಡೀಲಕ್ಸ್ ರಿವರ್ಬ್ ಸಿಕ್ಕಿದೆಯಾ? ಪ್ಲಗ್ ಹಾಕುವ ಮೊದಲು ಇದನ್ನು ಓದಿ

ಹಳೇ ಗಿಟಾರ್ ಆಂಪ್ (ಆಂಪ್ಲಿಫೈಯರ್) ಮಾರುವವರು "ಎಲ್ಲಾ ಒರಿಜಿನಲ್, ಯಾರೂ ಬಿಚ್ಚಿಲ್ಲ" ಅಂತ ಬರೆದರೆ ಜನ ಮುಗಿಬೀಳುತ್ತಾರೆ. ನನಗಂತೂ ಆ ಸಾಲು ಓದಿದರೆ ಅನುಮಾನವೇ ಜಾಸ್ತಿ. ಐವತ್ತು ವರ್ಷ ಯಾರೂ ಬಿಚ್ಚಿಲ್ಲ ಅಂದರೆ ಐವತ್ತು ವರ್ಷದ ಕೆಪಾಸಿಟರ್‌ಗಳು (ಕರೆಂಟು ತುಂಬಿಟ್ಟುಕೊಳ್ಳುವ ಭಾಗಗಳು) ಒಳಗೆ ಒಣಗಿ ಕೂತಿವೆ ಅಂತ ತಾನೇ?

ಫೆಂಡರ್ ಡೀಲಕ್ಸ್ ರಿವರ್ಬ್ ಇಟ್ಟುಕೊಂಡೇ ಹೇಳುತ್ತೇನೆ. 1963ರಲ್ಲಿ ಬಂದ ಆಂಪ್. 22 ವ್ಯಾಟ್, 12 ಇಂಚಿನ ಒಂದೇ ಸ್ಪೀಕರ್, ಒಟ್ಟು ಒಂಬತ್ತು ವಾಲ್ವ್ (ಗಾಜಿನ ಟ್ಯೂಬ್). 1967ರವರೆಗಿನದ್ದಕ್ಕೆ ಕಪ್ಪು ಮುಖ (ನಾಬ್‌ಗಳಿರುವ ಪಟ್ಟಿಯ ಬಣ್ಣ), ಆಮೇಲಿನದ್ದಕ್ಕೆ ಬೆಳ್ಳಿ ಮುಖ. ಕಪ್ಪು ಮುಖಕ್ಕೆ ಬೆಲೆ ತುಂಬಾ ಜಾಸ್ತಿ. ಆದರೆ ಬೆಳ್ಳಿ ಮುಖದ್ದರ ಒಳಗಿರುವುದು ಹೆಚ್ಚುಕಡಿಮೆ ಅದೇ ಸರ್ಕ್ಯೂಟ್. ನುಡಿಸುವುದಕ್ಕೆ ಬೇಕು ಅನ್ನುವವರು ಇದನ್ನೇ ಹುಡುಕಿ ಅಂತ ನನ್ನ ಸಲಹೆ.

ಮೊದಲ ನಿಯಮ: ಕೆಲಸ ಮಾಡುತ್ತದಾ ನೋಡೋಣ ಅಂತ ಸುಮ್ನೆ ಪ್ಲಗ್ ಹಾಕಬೇಡಿ. ಮೊದಲು ಕಣ್ಣಿಗೆ ಕೆಲಸ ಕೊಡಿ. ಹಿಂದಿನ ಮೇಲ್ಗಡೆ ಹಲಗೆಯ ಸ್ಕ್ರೂ ಬಿಚ್ಚಿ, ಟಾರ್ಚ್ ಹಿಡಿದು, ಟ್ರಾನ್ಸ್‌ಫಾರ್ಮರ್ ಮೇಲೆ ಒತ್ತಿರುವ ಅಂಕಿಗಳನ್ನು ಓದಿ. 606 ಅಂತ ಶುರುವಾದರೆ ಅದು ಷೂಮಾಕರ್ ಕಂಪನಿಯದ್ದು, ಆ ಕಾಲದ ಫೆಂಡರ್‌ನಲ್ಲಿ ಇರಬೇಕಾದದ್ದೇ. ಅದರ ಮುಂದಿನ ಅಂಕಿ ವರ್ಷದ ಕೊನೆಯಂಕಿ, ಆಮೇಲಿನ ಎರಡು ವಾರ. 606823 ಇದ್ದರೆ 1968ರ 23ನೇ ವಾರ (ಅಥವಾ 1978ರದ್ದು, ಉಳಿದ ಭಾಗ ನೋಡಿ ತೀರ್ಮಾನಿಸಬೇಕು). ವಾಲ್ಯೂಮ್ ಪಾಟ್‌ಗಳ (ನಾಬ್ ತಿರುಗಿಸುವ ಭಾಗಗಳ) ಬೆನ್ನ ಮೇಲೂ ಹೀಗೇ ಇರುತ್ತದೆ, ಇಲ್ಲಿ ವರ್ಷಕ್ಕೆ ಎರಡಂಕಿ. 1376620 ಅಂದರೆ 137 ಸಿಟಿಎಸ್ ಕಂಪನಿ, ಉಳಿದದ್ದು 1966ರ 20ನೇ ವಾರ. ಸ್ಪೀಕರ್‌ನಲ್ಲಿ 220 ಇದ್ದರೆ ಜೆನ್ಸನ್, 465 ಇದ್ದರೆ ಆಕ್ಸ್‌ಫರ್ಡ್. ಎಲ್ಲಾ ತಾರೀಖು ಕೆಲವು ತಿಂಗಳ ಒಳಗೇ ಇದ್ದು ಒಂದು ಟ್ರಾನ್ಸ್‌ಫಾರ್ಮರ್ ಮಾತ್ರ ಹತ್ತು ವರ್ಷ ಆಮೇಲಿನದ್ದಾಗಿದ್ದರೆ, ಹಳೆಯದು ಸುಟ್ಟು ಬದಲಾಯಿಸಿದ್ದಾರೆ ಅಂತ ಲೆಕ್ಕ. ನುಡಿಸಲು ಏನೂ ತೊಂದರೆ ಇಲ್ಲ, ಬೆಲೆ ಇಳಿಸಲು ಒಳ್ಳೇ ಕಾರಣ.

ಈಗ ವಯರ್ ನೋಡಿ. ಎರಡೇ ಪಿನ್ನಿನ ಪ್ಲಗ್ ಇದ್ದರೆ ಅದನ್ನು ತೆಗೆದು ಮೂರು ಪಿನ್ನಿನದ್ದು ಹಾಕಿಸಿ, ಚಾಸಿಗೆ (ಒಳಗಿನ ಲೋಹದ ಚೌಕಟ್ಟಿಗೆ) ಅರ್ಥ್ ಕೊಡಿಸಿ. ಹಿಂದಿರುವ ಗ್ರೌಂಡ್ ಸ್ವಿಚ್‌ಗೆ ಒಂದು 0.047 ಮೈಕ್ರೋಫ್ಯಾರಡ್ ಕೆಪಾಸಿಟರ್ ಕಟ್ಟಿರುತ್ತದೆ, ಇನ್ನೊಂದು ತುದಿ ಚಾಸಿಗೆ. ಅದು ಶಾರ್ಟ್ ಆದರೆ ಕರೆಂಟು ನೇರವಾಗಿ ಚಾಸಿಗೆ, ಅಲ್ಲಿಂದ ಗಿಟಾರ್ ತಂತಿಗೆ ಬರುತ್ತದೆ. ಒಂದು ಕೈ ತಂತಿ ಮೇಲೆ, ಬಾಯಿ ಮೈಕಿನ ಹತ್ತಿರ, ಮುಂದಿನದ್ದು ನೀವೇ ಯೋಚಿಸಿ. ಒರಿಜಿನಲ್ ಆದರೂ ಆ ಕೆಪಾಸಿಟರನ್ನು ಕತ್ತರಿಸಿ ತೆಗೆಯಲೇಬೇಕು.

ಅಮೆರಿಕದಿಂದ ತಂದವರಿಗೆ ಇನ್ನೊಂದು ಮಾತು. ಅಲ್ಲಿ 120 ವೋಲ್ಟ್, 60 ಹರ್ಟ್ಸ್, ನಮ್ಮಲ್ಲಿ 230 ವೋಲ್ಟ್, 50 ಹರ್ಟ್ಸ್. ಹೊರದೇಶಕ್ಕೆಂದೇ ಮಾಡಿದ ಕೆಲವು ಆಂಪ್‌ಗಳಲ್ಲಿ ವೋಲ್ಟೇಜ್ ಬದಲಿಸುವ ಸ್ವಿಚ್ ಇರುತ್ತದೆ, ಉಳಿದವಕ್ಕೆ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. 300 ವ್ಯಾಟ್‌ನದ್ದು ತಗೊಳ್ಳಿ, 110 ವೋಲ್ಟ್ ಕೊಟ್ಟರೆ ಇನ್ನೂ ಒಳ್ಳೆಯದು, ಏಕೆಂದರೆ 50 ಹರ್ಟ್ಸ್‌ನಲ್ಲಿ ಆಂಪಿನ ಟ್ರಾನ್ಸ್‌ಫಾರ್ಮರ್ ಸ್ವಲ್ಪ ಜಾಸ್ತಿ ಬಿಸಿಯಾಗುತ್ತದೆ. ಸ್ಟೆಪ್‌ಡೌನ್‌ನ ಮೂರನೇ ಪಿನ್ ನಿಜವಾಗಲೂ ಅರ್ಥ್‌ಗೆ ಸೇರಿದೆಯಾ ಅಂತ ಮೀಟರ್ ಇಟ್ಟು ನೋಡಿ. ಅಗ್ಗದ ಡಬ್ಬಿಗಳಲ್ಲಿ ಆ ತೂತು ಎಷ್ಟೋ ಸಲ ಬರೀ ಅಲಂಕಾರಕ್ಕೆ ಇರುತ್ತದೆ.

ಚಾಸಿಯ ಹೊರಬದಿಯಲ್ಲಿ ಒಂದು ತಗಡಿನ ಮುಚ್ಚಳ ಇದೆ. ಅದರ ಕೆಳಗೆ ಐದು ಫಿಲ್ಟರ್ ಕೆಪಾಸಿಟರ್, ತಲಾ 16 ಮೈಕ್ರೋಫ್ಯಾರಡ್. ಇಲ್ಲಿ 400 ವೋಲ್ಟ್‌ಗಿಂತ ಜಾಸ್ತಿ ನಿಂತಿರಬಹುದು, ಪ್ಲಗ್ ಕಿತ್ತ ಮೇಲೂ. ಡಿಸ್ಚಾರ್ಜ್ ಮಾಡುವುದು ಗೊತ್ತಿಲ್ಲದಿದ್ದರೆ ಒಳಗೆ ಕೈ ಹಾಕಬೇಡಿ, ಗೊತ್ತಿರುವ ಮೆಕ್ಯಾನಿಕ್ ಹತ್ತಿರ ಒಯ್ಯಿರಿ. ತುದಿಯ ರಬ್ಬರ್ ಉಬ್ಬಿದ್ದರೆ, ಬಿಳಿ ಗಂಟು ಕಟ್ಟಿದ್ದರೆ, ಅಂಟು ಒಸರಿದ್ದರೆ ಕತೆ ಮುಗಿಯಿತು. ಏನೂ ಕಾಣದಿದ್ದರೂ ಈ ವಯಸ್ಸಿಗೆ ಐದನ್ನೂ ಬದಲಿಸಿ, 22 ಮೈಕ್ರೋಫ್ಯಾರಡ್ 500 ವೋಲ್ಟ್ ಹಾಕಬಹುದು. ಜೊತೆಗೆ ಬಯಾಸ್‌ನ (ವಾಲ್ವ್‌ನ ಕರೆಂಟು ಹದದಲ್ಲಿಡುವ ವೋಲ್ಟೇಜಿನ) ಪುಟ್ಟ ಕೆಪಾಸಿಟರ್ ಮರೆಯಬೇಡಿ. ಚಿಲ್ಲರೆ ದುಡ್ಡಿನದ್ದು, ಅದು ಹೋದರೆ ಸ್ಪೀಕರ್‌ಗೆ ಶಕ್ತಿ ಕೊಡುವ ಎರಡೂ 6ವಿ6 ವಾಲ್ವ್ ಜೊತೆಗೆ ಹೋಗುತ್ತವೆ.

ಇಷ್ಟಾದ ಮೇಲೆ ಕರೆಂಟು. ನೇರವಾಗಿ ಅಲ್ಲ, ರಿಪೇರಿ ಅಂಗಡಿಯವರು ಇಟ್ಟುಕೊಳ್ಳುವ ಸೀರೀಸ್ ಲ್ಯಾಂಪ್ ಬೋರ್ಡ್ (ಕರೆಂಟು ಒಂದು ಬಲ್ಬು ಹಾದು ಆಂಪಿಗೆ ಹೋಗುವ ಬೋರ್ಡ್) ಮೂಲಕ. ಬಲ್ಬು ಆಂಪಿಗೆ ತಕ್ಕ ವೋಲ್ಟೇಜಿನದ್ದು, 100 ವ್ಯಾಟ್‌ನ ಹಳೇ ಫಿಲಮೆಂಟ್ ಬಲ್ಬೇ ಆಗಬೇಕು, ಎಲ್‌ಇಡಿ ಆಗುವುದಿಲ್ಲ. ಸ್ಪೀಕರ್ ಸಿಕ್ಕಿಸಿಯೇ ಇರಲಿ, ಇಲ್ಲದಿದ್ದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ಗೆ ಕುತ್ತು. ಬಲ್ಬು ಒಮ್ಮೆ ಝಗ್ ಅಂತ ಹತ್ತಿ ಮಂಕಾದರೆ ಸರಿ. ಪೂರ್ತಿ ಉರಿಯುತ್ತಲೇ ಇದ್ದರೆ ಎಲ್ಲೋ ಶಾರ್ಟ್ ಇದೆ, ಆಫ್ ಮಾಡಿ.

ಬಲ್ಬು ತೆಗೆದು ನೇರ ಕೊಟ್ಟಾಗ ಕೋಣೆಯ ಲೈಟ್ ಆರಿಸಿ 6ವಿ6 ವಾಲ್ವ್‌ಗಳನ್ನೇ ನೋಡುತ್ತಾ ಕೂತುಕೊಳ್ಳಿ. ಒಳಗಿನ ಎಳೆ ಕಿತ್ತಳೆ ಬಣ್ಣಕ್ಕೆ ಹೊಳೆಯುವುದು ಸಹಜ. ಅದನ್ನು ಸುತ್ತಿರುವ ಬೂದು ತಗಡು ಕೆಂಪಗಾಗತೊಡಗಿದರೆ ತಕ್ಷಣ ಆಫ್. ಬಯಾಸ್ ಇಲ್ಲ, ಅಥವಾ ಹಿಂದಿನ ಹಂತದ ಕೆಪಾಸಿಟರ್ ಸೋರುತ್ತಿದೆ.

ಆಮೇಲೆ ಕಿವಿಗೆ ಕೆಲಸ. ವಾಲ್ಯೂಮ್ ಸೊನ್ನೆಯಲ್ಲೂ ಗುಂಯ್ ಅಂದರೆ ಫಿಲ್ಟರ್ ಅಥವಾ ಜೋಡಿ ಸರಿಯಿಲ್ಲದ 6ವಿ6. ಪೆನ್ಸಿಲ್ ರಬ್ಬರಿನಿಂದ ಸಣ್ಣ ವಾಲ್ವ್‌ಗಳನ್ನು ಮೆಲ್ಲಗೆ ತಟ್ಟಿ, ಯಾವುದು ಟಣ್ ಅಂತ ಸ್ಪೀಕರ್‌ನಲ್ಲಿ ಮಾರುಲಿಯುತ್ತದೋ ಅದನ್ನು ಬದಲಿಸಿ. ಇವು ಹೆಚ್ಚಿನವು 12ಎಎಕ್ಸ್7, ಯುರೋಪಿನ ಲೆಕ್ಕದಲ್ಲಿ ಇಸಿಸಿ83. ಜಾಲಹಳ್ಳಿಯ ಬಿಇಎಲ್ ಕೂಡ ಒಂದು ಕಾಲದಲ್ಲಿ ವಾಲ್ವ್ ಮಾಡುತ್ತಿತ್ತು, ಹಾಗಾಗಿ ಹಳೇ ರೇಡಿಯೋ ರಿಪೇರಿಯವರ ಡಬ್ಬದಲ್ಲಿ ಒಮ್ಮೆ ಕೈಯಾಡಿಸಿ ನೋಡುವುದರಲ್ಲಿ ತಪ್ಪಿಲ್ಲ. ನಾಬ್ ತಿರುಗಿಸಿದಾಗ ಮಾತ್ರ ಕರಕರ ಅಂದರೆ ಕಾಂಟ್ಯಾಕ್ಟ್ ಕ್ಲೀನರ್ ಸಾಕು. ಸುಮ್ಮನಿದ್ದಾಗಲೂ ಪಟಪಟ ಅನ್ನುತ್ತಿದ್ದರೆ ಹಳೇ 100 ಕಿಲೋಓಮ್ ಕಾರ್ಬನ್ ರೆಸಿಸ್ಟರ್‌ಗಳ ಮೇಲೆ ಅನುಮಾನ ಪಡಿ. ರಿವರ್ಬ್ (ಪ್ರತಿಧ್ವನಿ) ಬರುತ್ತಿಲ್ಲ ಅಂದರೆ ಮೊದಲು ಕೆಳಗಿನ ಸ್ಪ್ರಿಂಗ್ ಪೆಟ್ಟಿಗೆಯ ಕೇಬಲ್ ನೋಡಿ, ಎಷ್ಟೋ ಸಲ ಅದೇ ಕಿತ್ತುಹೋಗಿರುತ್ತದೆ.

ಬದಲಿಸಿದ ಹಳೇ ಭಾಗಗಳನ್ನು ಬಿಸಾಡದೆ ಒಂದು ಕವರ್‌ಗೆ ಹಾಕಿ ಆಂಪಿನ ತಳದಲ್ಲೇ ಅಂಟಿಸಿಡಿ. ನಾಳೆ ಕೊಳ್ಳುವವನು ಕೇಳುತ್ತಾನೆ.